ವ್ಯಾಧಿಶೇಷವೂ ದ್ವೀಪಗಳ ಪಾಠವೂ

ಋಣ, ಅಗ್ನಿ, ವ್ಯಾಧಿ ಈ ಮೂರರ ಶೇಷವನ್ನು ಉಳಿಸಿಕೊಂಡವನು ಸುಖವಾಗಿ ನಿದ್ರಿಸಲಾರನೆಂದು ನಮ್ಮ ಪಾಠಶಾಲೆಯ ಗುರುಗಳು ಹೇಳುತ್ತಿದ್ದರು. ಋಣದ ವಿಷಯದಲ್ಲಿ ಈ ಮಾತಿನ ಸತ್ಯವು ಪ್ರತಿಯೊಬ್ಬ ಗೃಹಸ್ಥನಿಗೂ ಅನುಭವಸಿದ್ಧವಾದುದು. ಅಗ್ನಿಯ ವಿಷಯದಲ್ಲಿ ಹುಲ್ಲಿನ ಬಣವೆಯುಳ್ಳ ಪ್ರತಿಯೊಬ್ಬ ರೈತನೂ ಇದನ್ನು ಬಲ್ಲನು. ವ್ಯಾಧಿಯ ವಿಷಯದಲ್ಲಿ ಮಾತ್ರ ವಿದ್ಯಾವಂತರೂ ಅಧಿಕಾರಿಗಳೂ ಇದನ್ನು ಮೇಲಿಂದ ಮೇಲೆ ಮರೆಯುತ್ತ ಬಂದಿರುವರು. ಸಾವಿರಾರು ಜನರು ಸಾಯುತ್ತಿರುವಾಗ ಬೊಕ್ಕಸದ ಬಾಗಿಲು ತಾನಾಗಿ ತೆರೆಯುವುದು; ಹತ್ತು ಜನರು ಮಾತ್ರ ಜ್ವರದಿಂದ ಮಲಗಿರುವಾಗ ಅದು ಸದ್ದಿಲ್ಲದೆ ಮುಚ್ಚಿಕೊಳ್ಳುವುದು. ಮುಂದಿನ ಸಾವಿರಾರು ಜನರ ರೋಗವು ಆ ಹತ್ತು ಜನರ ರಕ್ತದಲ್ಲಿಯೇ ಅಡಗಿರಬಹುದೆಂಬುದು ಲೆಕ್ಕಪತ್ರಗಳಲ್ಲಿ ಕಾಣತಕ್ಕ ಸಂಗತಿಯಲ್ಲ. ಮಲೇರಿಯಾ ಜ್ವರವನ್ನು ಬೇರುಸಹಿತ ಕಿತ್ತೊಗೆಯಲು ಹೊರಟ ಕೆಲವು ದ್ವೀಪಗಳ ಚರಿತ್ರೆಯು ಈ ವಿಷಯದಲ್ಲಿ ನಮಗೆ ಬಹಳ ಬೋಧಪ್ರದವಾಗಿರುವುದರಿಂದ ಅದನ್ನು ಈ ದಿನ ವಾಚಕರ ಮುಂದಿಡಲು ಬಯಸುತ್ತೇವೆ.

ದ್ವೀಪಗಳನ್ನೇ ಏಕೆ ಆರಿಸಿಕೊಂಡೆವೆಂದು ಯಾರಾದರೂ ಕೇಳಬಹುದು. ದ್ವೀಪಕ್ಕೆ ಸಮುದ್ರವೇ ಕೋಟೆ. ಸೊಳ್ಳೆಯು ಕಡಲನ್ನು ದಾಟಿ ಬಹುದೂರ ಹಾರಲಾರದು. ಒಳಗಿರುವ ಜನರನ್ನು ಎಣಿಸಬಹುದು, ಊರುಗಳನ್ನು ಗುರುತಿಸಬಹುದು, ಬರುವವರ ದಾರಿಗಳನ್ನು ಕಾಯಬಹುದು. ಆದುದರಿಂದ ಈ ರೋಗವನ್ನು ಸಂಪೂರ್ಣವಾಗಿ ನೀಗಿಸುವುದು ಎಲ್ಲಿಯಾದರೂ ಸಾಧ್ಯವಾದರೆ ಅದು ಮೊದಲು ದ್ವೀಪಗಳಲ್ಲಿ ಸಾಧ್ಯವಾಗತಕ್ಕುದು. ಅಲ್ಲಿಯೂ ಕೊನೆಯ ಹೆಜ್ಜೆಯು ಎಷ್ಟು ಕಠಿನವಾಯಿತೆಂಬುದನ್ನು ನೋಡಿದರೆ ವಿಶಾಲವಾದ ಭೂಖಂಡದಲ್ಲಿರುವ ನಾವು ಎಷ್ಟು ಜಾಗರೂಕರಾಗಿರಬೇಕೆಂಬುದು ತಾನೇ ಹೊಳೆಯುವುದು.

ಮೊದಲು ನಮ್ಮ ನೆರೆಯ ಲಂಕೆಯನ್ನು ತೆಗೆದುಕೊಳ್ಳೋಣ. 1934ರಲ್ಲಿ ಅಲ್ಲಿ ಮಳೆಯು ಕೈಕೊಟ್ಟಿತು. ಸದಾ ತುಂಬಿ ಹರಿಯುತ್ತಿದ್ದ ನದಿಗಳು ಬತ್ತಿ, ಮರಳಿನ ನಡುವೆ ಸಣ್ಣ ಸಣ್ಣ ಮಡುಗಳಾಗಿ ನಿಂತವು. ಈ ರೋಗವನ್ನು ಅಲ್ಲಿ ಹರಡತಕ್ಕ ಅನಾಫೆಲಿಸ್ ಸೊಳ್ಳೆಗೆ ಇಂತಹ ತಿಳಿನೀರಿನ ಮಡುಗಳೇ ತವರು. ಆ ವರುಷದ ಕೊನೆಯಿಂದ 1935ರ ನಡುವಿನವರೆಗೆ ಲಂಕೆಯಲ್ಲಿ ಸುಮಾರು ಎಂಬತ್ತು ಸಾವಿರ ಜನರು ಸತ್ತರು. ದ್ವೀಪದ ಒಟ್ಟು ಜನಸಂಖ್ಯೆಯು ಆಗ ಸುಮಾರು ಐವತ್ತೈದು ಲಕ್ಷ ಮಾತ್ರ. ಇಲ್ಲಿ ಗಮನಿಸಬೇಕಾದ ಒಂದು ವಿಶೇಷವಿದೆ. ರೋಗವು ಅತ್ಯಂತ ಘೋರವಾದುದು ಅದು ಸದಾ ನೆಲೆಸಿದ್ದ ಒಣನಾಡಿನಲ್ಲಲ್ಲ. ಅದು ಅಪರೂಪವಾಗಿದ್ದ ಮಳೆನಾಡಿನಲ್ಲಿ. ಅಲ್ಲಿನ ಜನರ ದೇಹಕ್ಕೆ ರೋಗದ ಪರಿಚಯವಿರಲಿಲ್ಲವಾದುದರಿಂದ ಅದನ್ನು ತಡೆದುಕೊಳ್ಳುವ ಶಕ್ತಿಯೂ ಇರಲಿಲ್ಲ. ಪರಕೀಯ ಸರಕಾರದ ವ್ಯವಸ್ಥೆಯು ಸಾಲದೆ ಹೋದಾಗ ಸೂರ್ಯಮಲ್ ಚಳವಳಿಯ ತರುಣರು ಡಾಕ್ಟರ್ ಎಸ್. ಎ. ವಿಕ್ರಮಸಿಂಘೆ ಮೊದಲಾದವರೊಡನೆ ಹಳ್ಳಿಗಳನ್ನು ಹೊಕ್ಕು ಔಷಧವನ್ನೂ ಆಹಾರವನ್ನೂ ಹಂಚಿದರೆಂಬುದು ಆ ದೇಶದ ಸ್ವಾತಂತ್ರ್ಯದ ಚರಿತ್ರೆಯಲ್ಲಿ ಸ್ಮರಣೀಯವಾದ ಸಂಗತಿಯು.

ಎರಡನೆಯ ಮಹಾಯುದ್ಧದ ತರುವಾಯ ಡಿ.ಡಿ.ಟಿ. ಪುಡಿಯು ಬಂದಿತು. ಮನೆಗಳ ಗೋಡೆಗಳಿಗೆ ಅದನ್ನು ಸಿಂಪಡಿಸುವ ಕಾರ್ಯವು ದ್ವೀಪದಾದ್ಯಂತ ನಡೆಯಿತು. ಮನುಷ್ಯರನ್ನು ಕಚ್ಚಿ ಗೋಡೆಯ ಮೇಲೆ ಕುಳಿತ ಸೊಳ್ಳೆಯು ಅಲ್ಲಿಯೇ ಸಾಯತೊಡಗಿತು. ರೋಗವು ವರುಷ ವರುಷವೂ ಇಳಿಯುತ್ತ ಬಂದು, 1963ರಲ್ಲಿ ಇಡೀ ಲಂಕೆಯಲ್ಲಿ ಪತ್ತೆಯಾದ ಮಲೇರಿಯಾ ರೋಗಿಗಳು ಹದಿನೇಳು ಮಂದಿ ಮಾತ್ರ! ಲಕ್ಷಗಳಿಂದ ಹದಿನೇಳಕ್ಕೆ ಇಳಿದ ಈ ವಿಜಯವನ್ನು ಲೋಕವೆಲ್ಲ ಕೊಂಡಾಡಿತು.

ಮುಂದೆ ಏನಾಯಿತು? ಸಿಂಪಡಿಸುವುದನ್ನು ನಿಲ್ಲಿಸಿದರು. ಕಾವಲು ಸಡಿಲವಾಯಿತು. ಅಷ್ಟರಲ್ಲಿ ಮಳೆಯು ಮತ್ತೆ ಕೈಕೊಟ್ಟು ನದಿಗಳಲ್ಲಿ ಮಡುಗಳು ನಿಂತವು. ರತ್ನಗಳನ್ನು ಅರಸಿ ಕಾಡಿಗೆ ನುಗ್ಗಿದ ಜನರು ತೋಡಿದ ಗುಂಡಿಗಳಲ್ಲಿ ನೀರು ತುಂಬಿತು. ಆ ಜನರು ಜ್ವರವನ್ನು ಹೊತ್ತುಕೊಂಡು ತಮ್ಮ ತಮ್ಮ ಊರುಗಳಿಗೆ ಮರಳಿದರು. 1967ರ ಕೊನೆಯಲ್ಲಿ ಎದ್ದ ಕಿಡಿಯು 1969ರ ವೇಳೆಗೆ ವರುಷಕ್ಕೆ ಐದು ಲಕ್ಷಕ್ಕೂ ಮಿಕ್ಕಿದ ರೋಗಿಗಳ ದಾವಾಗ್ನಿಯಾಯಿತು. ಆರು ವರುಷಗಳಲ್ಲಿ ಹದಿನೇಳು ಎಂಬ ಅಂಕಿಯು ಐದು ಲಕ್ಷವಾದುದನ್ನು ವಾಚಕರು ಒಮ್ಮೆ ಯೋಚಿಸಿ ನೋಡಬೇಕು. ಆ ಮೇಲೆ ಸೊಳ್ಳೆಗಳು ಡಿ.ಡಿ.ಟಿ.ಗೆ ಜಗ್ಗದಂತಾದುದರಿಂದ 1977ರಲ್ಲಿ ಮ್ಯಾಲಥಿಯಾನ್ ಎಂಬ ಬೇರೆ ಔಷಧಕ್ಕೆ ಮೊರೆಹೋಗಬೇಕಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಗಿ, ಲಂಕೆಯು ಮತ್ತೆ ನಾಲ್ಕು ದಶಕಗಳಿಗೂ ಮಿಕ್ಕಿ ಹೆಣಗಬೇಕಾಯಿತು.

ಈ ಅನರ್ಥದ ಮೂಲವು ಎಲ್ಲಿತ್ತೆಂಬುದನ್ನು ತಿಳಿಯಬೇಕಾದರೆ ರೋಗದ ಸ್ವರೂಪವನ್ನು ಸ್ವಲ್ಪ ಅರಿಯಬೇಕು. ಮಲೇರಿಯಾ ಎಂಬುದು ಕೆಟ್ಟ ಗಾಳಿಯಿಂದ ಬರುವುದಲ್ಲ. ಅದು ರಕ್ತದ ಕೆಂಪು ಕಣಗಳನ್ನು ಹೊಕ್ಕು ಬಾಳುವ ಒಂದು ಸೂಕ್ಷ್ಮಜೀವಿಯ ಕೆಲಸ. ಇದನ್ನು 1880ರಲ್ಲಿ ಅಲ್ಜೀರಿಯಾದ ಒಂದು ಸೈನಿಕ ಆಸ್ಪತ್ರೆಯಲ್ಲಿ ಫ್ರೆಂಚ್ ವೈದ್ಯನಾದ ಲಾವೆರಾನನು ಮೊದಲು ಕಂಡನು. ಅದು ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುವುದನ್ನು 1897ರ ಆಗಸ್ಟಿನಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಕಂಡುಹಿಡಿದನು. ಜ್ವರಗಳು ಬಹುವಿಧ; ಚಳಿ ಬಂದುದೆಲ್ಲ ಮಲೇರಿಯಾ ಅಲ್ಲ, ಮಲೇರಿಯಾ ಬಂದವರೆಲ್ಲ ಚಳಿಯಿಂದ ನಡುಗುವುದೂ ಇಲ್ಲ. ಆದುದರಿಂದ ನಾಡಿಯನ್ನು ಹಿಡಿದೋ, ಹೊಟ್ಟೆಯಲ್ಲಿ ಜ್ವರಗಡ್ಡೆಯನ್ನು ಮುಟ್ಟಿನೋಡಿಯೋ ನಿಶ್ಚಯಿಸಿದರೆ ಸಾಲದು. ಬೆರಳಿನಿಂದ ಒಂದು ತೊಟ್ಟು ರಕ್ತವನ್ನು ತೆಗೆದು, ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಬೇಕು.

ರೋಗವು ಊರನ್ನೆಲ್ಲ ವ್ಯಾಪಿಸಿರುವಾಗ ಈ ಪರೀಕ್ಷೆಯು ಅಷ್ಟಾಗಿ ಮುಖ್ಯವೆನಿಸುವುದಿಲ್ಲ. ಜ್ವರವೆಂದರೆ ಮಲೇರಿಯಾ ಎಂದು ಮಾತ್ರೆ ಕೊಟ್ಟರೂ ಹತ್ತರಲ್ಲಿ ಹಲವು ಸಲ ಸರಿಹೋಗುವುದು. ರೋಗವು ವಿರಳವಾದಂತೆಲ್ಲ ಪರೀಕ್ಷೆಯ ಬೆಲೆಯು ಹೆಚ್ಚುತ್ತ ಹೋಗುವುದು. ಸಾವಿರ ಜ್ವರಗಳಲ್ಲಿ ಒಂದು ಮಾತ್ರ ಮಲೇರಿಯಾ ಆಗಿರುವ ಕಾಲದಲ್ಲಿ ಆ ಒಂದನ್ನು ಕಂಡುಹಿಡಿಯುವುದೇ ಇಡೀ ಯುದ್ಧವಾಗುವುದು. ದುರ್ದೈವವೇನೆಂದರೆ, ಬೆಲೆಯು ಹೆಚ್ಚುವ ಈ ಕಾಲದಲ್ಲಿಯೇ ಕಾಣುವ ಕಣ್ಣುಗಳು ಮಂಜಾಗುವುವು. ತರುಣ ವೈದ್ಯನು ಮಲೇರಿಯಾ ರೋಗಿಯನ್ನೇ ನೋಡಿರುವುದಿಲ್ಲ. ದಿನವೂ ನೂರು ಗಾಜಿನ ಪಟ್ಟಿಗಳನ್ನು ನೋಡಿ ಒಂದರಲ್ಲಿಯೂ ಜೀವಿಯನ್ನು ಕಾಣದ ಪರೀಕ್ಷಕನು ನೂರೊಂದನೆಯದನ್ನು ಉದಾಸೀನವಾಗಿ ನೋಡುವನು. ಲೆಕ್ಕದ ಅಧಿಕಾರಿಯು ಕನ್ನಡಕವನ್ನು ಏರಿಸಿ, ಇಷ್ಟೊಂದು ವೆಚ್ಚದಿಂದ ಒಬ್ಬ ರೋಗಿಯೂ ಸಿಕ್ಕಲಿಲ್ಲವಲ್ಲ ಎಂದು ಆಕ್ಷೇಪಣೆ ಬರೆಯುವನು. ಒಬ್ಬನೂ ಸಿಕ್ಕದಿರುವುದೇ ಆ ವೆಚ್ಚದ ಫಲವೆಂಬುದನ್ನು ಅವನಿಗೆ ಮನಗಾಣಿಸುವುದು ಸುಲಭವಲ್ಲ.

ಲಂಕೆಯು ಒಮ್ಮೆ ಪೆಟ್ಟು ತಿಂದು ಈ ಪಾಠವನ್ನು ಕಲಿತುಕೊಂಡಿತೆಂಬುದನ್ನು ಸಂತೋಷದಿಂದ ಬರೆಯುತ್ತೇವೆ. 1999ರಲ್ಲಿ ಅಲ್ಲಿ 2 ಲಕ್ಷ 64 ಸಾವಿರ ರೋಗಿಗಳಿದ್ದರು; ಅಂತರ್ಯುದ್ಧವು ಬೇರೆ ನಡೆಯುತ್ತಿತ್ತು. ಅಂತಹ ಕಾಲದಲ್ಲಿ ಸೊಳ್ಳೆಪರದೆ ಮತ್ತು ಸಿಂಪಡಿಕೆಗಳ ಜೊತೆಗೆ ಸಂಚಾರಿ ಪರೀಕ್ಷಾಲಯಗಳನ್ನು ಊರೂರಿಗೆ ಕಳುಹಿಸಿದರು. ರೋಗಿಯು ಆಸ್ಪತ್ರೆಗೆ ಬರಲೆಂದು ಕಾಯದೆ, ಜ್ವರವಿದ್ದಲ್ಲಿಗೆ ಸೂಕ್ಷ್ಮದರ್ಶಕವೇ ಹೋಯಿತು. ಕೊನೆಯ ವರುಷಗಳಲ್ಲಿ ರೋಗಿಗಳು ಮಕ್ಕಳೂ ಬಸುರಿಯರೂ ಆಗಿರಲಿಲ್ಲ. ಹೆಚ್ಚಿನವರು ಕಾಡುಮೇಡುಗಳಲ್ಲಿ ಸಂಚರಿಸುವ ಪ್ರಾಯದ ಗಂಡಸರು, ಸೈನಿಕರು, ರತ್ನದ ಗಣಿಗಳ ಕೂಲಿಗಳು. ಇದನ್ನು ಅರಿತು ಅವರಿದ್ದಲ್ಲಿಯೇ ಅವರ ರಕ್ತವನ್ನು ಪರೀಕ್ಷಿಸಿದರು. ಸುಮಾರು ಎರಡು ಕೋಟಿ ಜನರ ಆ ದೇಶದಲ್ಲಿ ವರುಷಕ್ಕೆ ಸುಮಾರು ಹತ್ತು ಲಕ್ಷ ರಕ್ತಲೇಪಗಳ ಪರೀಕ್ಷೆಯು ನಡೆಯಿತು. 2012ರ ಅಕ್ಟೋಬರಿನಲ್ಲಿ ಕೊನೆಯ ದೇಶೀಯ ರೋಗಿಯು ಕಂಡುಬಂದನು. 2016ರ ಸೆಪ್ಟೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಲಂಕೆಯನ್ನು ಮಲೇರಿಯಾಮುಕ್ತವೆಂದು ಘೋಷಿಸಿತು.

ಈ ಸಲ ಅವರು ಕಾವಲನ್ನು ಕಿತ್ತುಹಾಕಲಿಲ್ಲವೆಂಬುದೇ ಮುಖ್ಯ ಸಂಗತಿ. ಹೊರದೇಶದಿಂದ ಬಂದವನಿಗೆ ಜ್ವರ ಬಂದರೆ ರಕ್ತವನ್ನು ಪರೀಕ್ಷಿಸುವರು. ರೋಗವು ಸಿಕ್ಕಿದರೆ ಅವನ ಮನೆಯ ಸುತ್ತಲಿನವರನ್ನೂ ಸೊಳ್ಳೆಗಳನ್ನೂ ಶೋಧಿಸುವರು. ಘೋಷಣೆಯು ಹೊರಬಿದ್ದ ಕೆಲವೇ ತಿಂಗಳಲ್ಲಿ ಮನ್ನಾರಿನಲ್ಲಿ ಸ್ಟೀಫನ್ಸಿ ಎಂಬ ಹೊಸ ಜಾತಿಯ ಸೊಳ್ಳೆಯು ಪತ್ತೆಯಾಯಿತು. ಇದು ನಮ್ಮ ನಗರಗಳ ಬಾವಿಗಳಲ್ಲಿಯೂ ತೊಟ್ಟಿಗಳಲ್ಲಿಯೂ ಬೆಳೆಯುವ ಸೊಳ್ಳೆಯೇ. 2018ರ ಕೊನೆಯಲ್ಲಿ, ನಮ್ಮ ದೇಶದಿಂದ ದುಡಿಯಲು ಹೋಗಿದ್ದ ಒಬ್ಬನ ರಕ್ತದಿಂದ ಅಲ್ಲಿಯ ನಿವಾಸಿಯೊಬ್ಬನಿಗೆ ರೋಗವು ತಗಲಿತು. ಕಾವಲಿದ್ದುದರಿಂದ ಅದು ಒಬ್ಬನಲ್ಲಿಯೇ ನಿಂತಿತು. 1967ರಲ್ಲಿ ಇದೇ ಎಚ್ಚರವಿದ್ದಿದ್ದರೆ ಎಷ್ಟು ಮನೆಗಳು ಉಳಿಯುತ್ತಿದ್ದುವೋ!

ಮೋರಿಸ್ ದ್ವೀಪದ ಕಥೆಯೂ ಇಂತಹುದೇ. ನಮ್ಮ ದೇಶದ ಕೂಲಿಗಳು ಕಬ್ಬಿನ ತೋಟಗಳಿಗಾಗಿ ಸಾಗಿಸಲ್ಪಟ್ಟ ಆ ದ್ವೀಪದಲ್ಲಿ 1860ರ ದಶಕದಲ್ಲಿ ಎದ್ದ ಮಲೇರಿಯಾ ಮಾರಿಯು ಹತ್ತಾರು ಸಾವಿರ ಜನರನ್ನು ನುಂಗಿತು. ಅದನ್ನು ತಡೆಯುವ ಬಗೆಯನ್ನು ಸೂಚಿಸಲು 1907ರಲ್ಲಿ ರಾಸನೇ ಅಲ್ಲಿಗೆ ಹೋದನು. ಬಹುಕಾಲದ ಪ್ರಯತ್ನದ ಮೇಲೆ 1973ರಲ್ಲಿ ದ್ವೀಪವು ರೋಗಮುಕ್ತವೆಂದು ಸಾರಲ್ಪಟ್ಟಿತು. ಎರಡು ವರುಷ ಕಳೆಯುವುದರೊಳಗೆ, 1975ರ ಫೆಬ್ರುವರಿಯಲ್ಲಿ, ಗರ್ವೇಸ್ ಎಂಬ ಚಂಡಮಾರುತವು ಬೀಸಿ ಮನೆಗಳನ್ನು ಕೆಡವಿತು. ಅವನ್ನು ಮತ್ತೆ ಕಟ್ಟಲು ಹೊರದೇಶಗಳಿಂದ ಕೆಲಸಗಾರರು ಬಂದರು. ಕಾಂಕ್ರೀಟ್ ಮನೆಗಳ ಚಪ್ಪಟೆ ಮಾಳಿಗೆಗಳ ಮೇಲೆ ಮಳೆನೀರು ನಿಂತು ಸೊಳ್ಳೆಯು ಹುಟ್ಟಿತು. ರೋಗವು ಮರಳಿತು. ಮತ್ತೆ ಅದನ್ನು ಓಡಿಸುವುದಕ್ಕೆ ಎರಡು ದಶಕಗಳು ಹಿಡಿದುವು. ಅಂದಿನಿಂದ ಆ ಸರಕಾರವು ಮಲೇರಿಯಾ ಇರುವ ದೇಶಗಳಿಂದ ವಿಮಾನದಲ್ಲಿ ಇಳಿದವರ ವಿಳಾಸವನ್ನು ಬರೆದುಕೊಂಡು, ಆರೋಗ್ಯಾಧಿಕಾರಿಗಳನ್ನು ಅವರ ಮನೆಗೇ ಕಳುಹಿಸಿ ರಕ್ತವನ್ನು ಪರೀಕ್ಷಿಸುವ ಪದ್ಧತಿಯನ್ನು ಗಟ್ಟಿಯಾಗಿ ಹಿಡಿಯಿತು.

ಶಾಂತಸಾಗರದ ವನುವಾಟು ದೇಶದಲ್ಲಿ ಅನೈತ್ಯುಂ ಎಂಬ ಪುಟ್ಟ ದ್ವೀಪವಿದೆ. 1991ರಲ್ಲಿ ಅದರ ಜನಸಂಖ್ಯೆಯು 718. ಜಪಾನಿನ ವೈದ್ಯನಾದ ಅಕಿರಾ ಕನೆಕೋ ಎಂಬಾತನೂ ಅವನ ಸಂಗಡಿಗರೂ ಅಲ್ಲಿಯ ಜನರೆಲ್ಲರಿಗೂ ವಾರಕ್ಕೊಮ್ಮೆಯಂತೆ ಒಂಬತ್ತು ವಾರ ಔಷಧ ಕೊಟ್ಟರು. ಔಷಧದಲ್ಲಿ ಅದ್ದಿದ ಸೊಳ್ಳೆಪರದೆಗಳನ್ನು ಹಂಚಿದರು. ನೀರಿನಲ್ಲಿ ಸೊಳ್ಳೆಯ ಮರಿಗಳನ್ನು ತಿನ್ನುವ ಮೀನುಗಳನ್ನು ಬಿಟ್ಟರು. ರೋಗವು ಅಡಗಿತು. ಆದರೆ 2002ರಲ್ಲಿ ಅದು ಹೊರಗಿನಿಂದ ಒಮ್ಮೆ ಇಣುಕಿತು. ಬಾಧೆಪಟ್ಟವರಲ್ಲಿ ಹೆಚ್ಚಿನವರು ಹಿಂದಿನ ಮಾರಿಯನ್ನು ಕಾಣದ ಎಳೆಯರು. ದ್ವೀಪದಲ್ಲಿಯೇ ರಕ್ತಪರೀಕ್ಷೆಯ ಏರ್ಪಾಡಿದ್ದುದರಿಂದ ಅದನ್ನು ಬೇಗನೆ ಹತೋಟಿಗೆ ತಂದರು. 1934ರ ಲಂಕೆಯ ಮಳೆನಾಡು ಕಲಿಸಿದುದನ್ನೇ ಇದೂ ಕಲಿಸುವುದು: ರೋಗವನ್ನು ಮರೆತ ದೇಹಕ್ಕೆ ರೋಗವು ಹೆಚ್ಚು ಕ್ರೂರ.

ಆಫ್ರಿಕದ ತೀರದ ಜಾಂಜಿಬಾರಿನಲ್ಲಿ ಬೇರೊಂದು ತೊಡಕು ಕಂಡುಬಂದಿದೆ. ಅಲ್ಲಿ ಔಷಧಾಲಯದಲ್ಲಿ ರೋಗಿಯೊಬ್ಬನು ಪತ್ತೆಯಾದ ಕೂಡಲೆ ದೂರವಾಣಿಯ ಮೂಲಕ ಸುದ್ದಿಯು ಹೋಗಿ, ಅಧಿಕಾರಿಯು ಅವನ ಮನೆಗೆ ಬಂದು ಮನೆಮಂದಿಯ ರಕ್ತವನ್ನೆಲ್ಲ ಪರೀಕ್ಷಿಸುವನು. ಇದಕ್ಕಾಗಿ ಉಪಯೋಗಿಸುವುದು ಕಾಲುಗಂಟೆಯಲ್ಲಿ ಗೆರೆ ಮೂಡಿಸಿ ಉತ್ತರ ಹೇಳುವ ಕ್ಷಿಪ್ರಪರೀಕ್ಷೆಯ ಪಟ್ಟಿಗಳನ್ನು. ಇವು ಹಳ್ಳಿಗಾಡಿಗೆ ವರದಂತಿರುವುದು ನಿಜ. ಆದರೆ ರಕ್ತದಲ್ಲಿ ಜೀವಿಗಳು ಬಹಳ ಕಡಮೆಯಿದ್ದಾಗ ಈ ಪಟ್ಟಿಗೂ ಅವು ಕಾಣವು, ಸೂಕ್ಷ್ಮದರ್ಶಕಕ್ಕೂ ಕಾಣವು. ದೊಡ್ಡ ಪ್ರಯೋಗಶಾಲೆಯ ಪರೀಕ್ಷೆಗೆ ಮಾತ್ರ ಸಿಕ್ಕುವುವು. ಅಂತಹ ಮನುಷ್ಯನಿಗೆ ಜ್ವರವೂ ಇರುವುದಿಲ್ಲ. ತಾನು ನಿರೋಗಿಯೆಂದೇ ತಿಳಿದು ಅವನು ಊರಿಂದೂರಿಗೆ ಓಡಾಡುತ್ತಿರುವನು. ಇದಲ್ಲದೆ ಈ ಪಟ್ಟಿಗಳಲ್ಲಿ ಕೆಲವು, ರೋಗವು ವಾಸಿಯಾದ ಮೇಲೆಯೂ ಕೆಲವು ವಾರ ರೋಗವಿದೆಯೆಂದೇ ಹೇಳುವುವು.

ವೈವಾಕ್ಸ್ ಎಂಬ ಜಾತಿಯ ಮಲೇರಿಯಾದಲ್ಲಿ ಇನ್ನೂ ಒಂದು ಮೋಸವಿದೆ. ರಕ್ತವು ಶುದ್ಧವಾದ ಮೇಲೆಯೂ ಅದರ ಬೀಜವು ಪಿತ್ತಜನಕಾಂಗದಲ್ಲಿ ತಿಂಗಳುಗಟ್ಟಲೆ ಮಲಗಿದ್ದು ಮತ್ತೆ ಏಳುವುದು. ಮಲಗಿರುವಾಗ ಅದನ್ನು ತೋರಿಸತಕ್ಕ ಪರೀಕ್ಷೆಯು ನಿತ್ಯದ ಬಳಕೆಯಲ್ಲಿ ಇಲ್ಲ. ಪ್ರಿಮಾಕ್ವಿನ್ ಎಂಬ ಔಷಧವು ಅದನ್ನು ನಾಶಮಾಡುವುದು. ಆದರೆ ಸಾಮಾನ್ಯವಾಗಿ ಹದಿನಾಲ್ಕು ದಿನ ಬಿಡದೆ ನುಂಗಬೇಕು, ಮತ್ತು ಹುಟ್ಟಿನಿಂದ ರಕ್ತದಲ್ಲಿ ಒಂದು ಬಗೆಯ ಕೊರತೆಯುಳ್ಳವರಿಗೆ ಅದರಿಂದ ರಕ್ತವೇ ಒಡೆಯುವ ಅಪಾಯವುಂಟಾದುದರಿಂದ ವೈದ್ಯರ ಮೇಲ್ವಿಚಾರಣೆಯು ಅವಶ್ಯಕ. ಮೂರು ದಿನದಲ್ಲಿ ಜ್ವರ ಬಿಟ್ಟ ಕೂಲಿಯವನು ನಾಲ್ಕನೆಯ ದಿನ ಮಾತ್ರೆಯನ್ನು ಬಿಸಾಡಿ ಕೆಲಸಕ್ಕೆ ಹೋದರೆ ಅವನನ್ನು ದೂರುವುದು ಸುಲಭ. ಅವನಿಗೆ ತಿಳಿಯಹೇಳಿ ಹದಿನಾಲ್ಕನೆಯ ದಿನದವರೆಗೂ ವಿಚಾರಿಸಿಕೊಳ್ಳುವುದೇ ಆಡಳಿತದ ಕರ್ತವ್ಯ.

ಇನ್ನು ನಮ್ಮ ಮನೆಯ ಮಾತು. ಲಂಕೆಯ ತಪ್ಪನ್ನು ನಾವೂ ಮಾಡಿರುವೆವೆಂಬುದನ್ನು ಮರೆಮಾಡಲಾಗದು. ಸ್ವಾತಂತ್ರ್ಯವು ಬಂದಾಗ ನಮ್ಮ ದೇಶದಲ್ಲಿ ವರುಷಕ್ಕೆ ಸುಮಾರು ಏಳೂವರೆ ಕೋಟಿ ಜನರು ಈ ಜ್ವರದಿಂದ ನರಳುತ್ತಿದ್ದರೆಂದು ಅಂದಾಜು; 1965ರ ವೇಳೆಗೆ ಅದು ಒಂದು ಲಕ್ಷಕ್ಕೆ ಇಳಿದಿತ್ತು. ಆ ಮೇಲೆ ಹಣವೂ ಉತ್ಸಾಹವೂ ಇಳಿದುವು. ತೆಗೆದ ರಕ್ತಲೇಪಗಳು ಪರೀಕ್ಷೆಯಾಗದೆ ರಾಶಿಬಿದ್ದುವು. 1976ರಲ್ಲಿ ರೋಗಿಗಳು ಅರುವತ್ತನಾಲ್ಕು ಲಕ್ಷಕ್ಕೆ ಏರಿದರು. ನಾವು ಬಾಲಕರಾಗಿದ್ದ ಕಾಲದಲ್ಲಿ ಮಲೇರಿಯಾ ಇಲಾಖೆಯ ಕೆಲಸಗಾರನು ಮನೆಗೆ ಬಂದು, ಜ್ವರ ಯಾರಿಗಾದರೂ ಇದೆಯೇ ಎಂದು ಕೇಳಿ, ಗೋಡೆಯ ಮೇಲೆ ತಾರೀಖನ್ನು ಬರೆದು ಹೋಗುತ್ತಿದ್ದನು. ಅವನು ಬರುವುದು ಯಾವಾಗ ನಿಂತಿತೆಂದು ನಮಗೆ ನೆನಪಿಲ್ಲ. ನಿಂತುದನ್ನು ಯಾರೂ ಗಮನಿಸಲಿಲ್ಲವೆಂಬುದೇ ಇಲ್ಲಿಯ ದುಃಖದ ಸಂಗತಿ. 1990ರ ದಶಕದಿಂದ ಮಂಗಳೂರಿನಲ್ಲಿ ಹೊಸ ಕಟ್ಟಡಗಳ ಜೊತೆಗೆ ಜ್ವರವೂ ಬೆಳೆದುದನ್ನು ವಾಚಕರು ಬಲ್ಲರು. ಈಚೆಗೆ ಅಲ್ಲಿ ಅದು ಬಹಳವಾಗಿ ಇಳಿದಿದೆ. 2030ರೊಳಗೆ ದೇಶವನ್ನೇ ಮಲೇರಿಯಾಮುಕ್ತವಾಗಿ ಮಾಡುವುದಾಗಿ ಸರಕಾರವು ಸಂಕಲ್ಪಿಸಿದೆ. ಇಳಿದಿರುವ ಈ ಕಾಲವೇ ಅಪಾಯದ ಕಾಲವೆಂದು ನಾವು ಒತ್ತಿ ಹೇಳುತ್ತೇವೆ.

1883ರಲ್ಲಿ ರೊನಾಲ್ಡ್ ರಾಸ್ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದಾಗ ತನ್ನ ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಗಳನ್ನು ಕಂಡು ಅದನ್ನು ಮಗುಚಿಹಾಕಿದನು. ಸೊಳ್ಳೆಯ ಕಾಟವು ಕಡಮೆಯಾಯಿತು. ಉಳಿದ ತೊಟ್ಟಿಗಳನ್ನೂ ಮಗುಚಿಸೋಣವೆಂದಾಗ ಅಲ್ಲಿಯ ಸೇನಾಧಿಕಾರಿಯು, ಸೊಳ್ಳೆಗಳು ಸೃಷ್ಟಿಯಲ್ಲಿ ಯಾವುದೋ ಕಾರಣಕ್ಕಾಗಿಯೇ ಇರುವುವು, ಅವನ್ನು ಸಹಿಸಿಕೊಳ್ಳುವುದೇ ನಮ್ಮ ಕರ್ತವ್ಯವೆಂಬ ಅಭಿಪ್ರಾಯವನ್ನು ಹೇಳಿ ಒಪ್ಪಲಿಲ್ಲವಂತೆ. ಆ ಅಧಿಕಾರಿಯ ವಂಶವು ನಮ್ಮ ಕಚೇರಿಗಳಲ್ಲಿ ಇನ್ನೂ ಅಳಿದಿಲ್ಲವೆಂದು ಹೇಳಿದರೆ ಯಾರೂ ಕೋಪಿಸಿಕೊಳ್ಳಬಾರದು.

ಆಗಬೇಕಾದುದು ಇಷ್ಟೆ. ಯಾವ ಜ್ವರಕ್ಕೂ ರಕ್ತವನ್ನು ನೋಡದೆ ಮಲೇರಿಯಾ ಮಾತ್ರೆಯನ್ನು ಕೊಡಬಾರದು. ನೋಡಿದವರು, ಖಾಸಗಿ ವೈದ್ಯರಾದರೂ ಸರಿಯೆ, ರೋಗವನ್ನು ಕಂಡ ದಿನವೇ ಇಲಾಖೆಗೆ ತಿಳಿಸಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ರಕ್ತಪರೀಕ್ಷಕರ ಸ್ಥಾನಗಳನ್ನು ಖಾಲಿಯಿಡಬಾರದು. ಇರುವವರ ಕಣ್ಣಿನ ಅಭ್ಯಾಸವು ತಪ್ಪದಂತೆ ಕಾಲಕಾಲಕ್ಕೆ ಶಿಕ್ಷಣ ಕೊಡಬೇಕು. ಕಟ್ಟಡ ಕಟ್ಟಿಸುವವರು ದೂರದೂರದಿಂದ ಬಂದ ಕೆಲಸಗಾರರನ್ನು ರೋಗ ತಂದವರೆಂದು ಜರೆಯದೆ, ಅವರ ರಕ್ತವನ್ನು ಪರೀಕ್ಷೆಮಾಡಿಸಿ ಔಷಧ ಪೂರ್ತಿಯಾಗುವವರೆಗೆ ಕೂಲಿ ಕೊಡಬೇಕು. ತಮ್ಮ ಕಟ್ಟಡದಲ್ಲಿ ನಿಂತ ನೀರನ್ನು ತಾವೇ ಚೆಲ್ಲಿಸಬೇಕು. ಪುರವಾಸಿಗಳು ವಾರಕ್ಕೊಮ್ಮೆ ಮನೆಯ ತೊಟ್ಟಿಯನ್ನು ಮಗುಚಿದರೆ ಅದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಕಾಗಿಲ್ಲ.

ಎಲ್ಲಕ್ಕಿಂತ ಮಿಗಿಲಾಗಿ, ಮುಂದೊಂದು ದಿನ ನಮ್ಮ ಯಾವುದಾದರೂ ಜಿಲ್ಲೆಯ ವರದಿಯಲ್ಲಿ ಮಲೇರಿಯಾದ ಎದುರಿಗೆ ಸೊನ್ನೆಯು ಬರೆಯಲ್ಪಟ್ಟಾಗ, ಆ ವರದಿಯನ್ನು ಓದುವ ಅಧಿಕಾರಿಯು ಮೊದಲು ಒಂದು ಪ್ರಶ್ನೆಯನ್ನು ಕೇಳಬೇಕು: ಎಷ್ಟು ಜನರ ರಕ್ತವನ್ನು ನೋಡಿ ಈ ಸೊನ್ನೆಯನ್ನು ಬರೆದಿರಿ? ಆ ಪ್ರಶ್ನೆಗೆ ಸಮಾಧಾನಕರವಾದ ಉತ್ತರವು ಬರುವವರೆಗೂ ಅನುದಾನದ ಒಂದು ಕಾಸನ್ನೂ ಕಡಿಯಬಾರದು. ಬಂದ ಮೇಲೆಯಂತೂ ಕಡಿಯಲೇಬಾರದು. ಹದಿನೇಳು ರೋಗಿಗಳು ಐದು ಲಕ್ಷವಾದುದನ್ನು ನೆರೆಯ ದ್ವೀಪವು ನಮಗೆ ತೋರಿಸಿಕೊಟ್ಟಿದೆ. ಅದನ್ನು ಇನ್ನೊಮ್ಮೆ ನಮ್ಮ ಮನೆಯಲ್ಲಿಯೇ ಕಲಿಯುವ ಅವಶ್ಯಕತೆಯಿಲ್ಲ.